ಬಾಡಿಗೆಯನ್ನು ಸಂಬಳದಿಂದ ಅಳೆಯಿರಿ: ಆಕ್ಸ್‌ಫರ್ಡ್ ನಗರ ಮಂಡಳಿಗೆ ಒಂದು ಬಹಿರಂಗ ಪತ್ರ

ಆಕ್ಸ್‌ಫರ್ಡ್ ನಗರ ಮಂಡಳಿಯ ಸದಸ್ಯರಿಗೆ, ಹಾಗೂ ನಗರವನ್ನು ಸುತ್ತುವರಿದಿರುವ ಚರ್ವೆಲ್, ಸೌತ್ ಆಕ್ಸ್‌ಫರ್ಡ್‌ಶೈರ್, ವೇಲ್ ಆಫ್ ವೈಟ್ ಹಾರ್ಸ್ ಮತ್ತು ವೆಸ್ಟ್ ಆಕ್ಸ್‌ಫರ್ಡ್‌ಶೈರ್ ಜಿಲ್ಲಾ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ಪೂರ್ವ ಆಕ್ಸ್‌ಫರ್ಡಿನ ಬಾಡಿಗೆ ಮನೆಯೊಂದರಲ್ಲಿ ವಾಸಿಸುವ ಕನ್ನಡಿಗ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗಳಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿಯೂ ಬರೆಯುವುದಕ್ಕೆ ಕಾರಣವಿದೆ. ಹೆಡಿಂಗ್ಟನ್ನಿನ ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ, ನಗರದ ಅಂಚಿನ ವಿಜ್ಞಾನ ಪಾರ್ಕುಗಳಲ್ಲಿ ದುಡಿಯುವವರ ಪೈಕಿ ಕನ್ನಡಿಗರೂ ಇದ್ದಾರೆ. ನೇಮಕಾತಿ ಪತ್ರ ಕೈಗೆ ಬಂದು, ವೀಸಾದ ಹಾದಿ ಕಾಯುತ್ತ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ಇಲ್ಲಿಯ ಬಾಡಿಗೆಯ ಜಾಹೀರಾತುಗಳನ್ನು ನೋಡಿ ಎದೆ ಧಸಕ್ಕೆಂದವರೂ ಇದ್ದಾರೆ. ನಾನು ನಿಮಗೆ ಏನು ಕೇಳುತ್ತಿದ್ದೇನೆ, ಏಕೆ ಕೇಳುತ್ತಿದ್ದೇನೆ ಎಂಬುದು ಅವರಿಗೂ ತಿಳಿದಿರಬೇಕು.

ನನ್ನ ಮುಖ್ಯ ಕೋರಿಕೆ ಒಂದು. ಆಕ್ಸ್‌ಫರ್ಡಿಗೆ ಹೊಸ ಉದ್ಯೋಗ ತರುವ ಯಾವುದೇ ದೊಡ್ಡ ಕಟ್ಟಡಕ್ಕೆ ಅನುಮತಿ ಕೊಡುವಾಗ, ಆ ಉದ್ಯೋಗಗಳಿಗೆ ಸಿಗುವ ಸಂಬಳದಲ್ಲಿ ತೆರಬಹುದಾದ ಬಾಡಿಗೆಯ ಮನೆಗಳನ್ನೂ ಷರತ್ತಾಗಿ ಕೇಳಿ. ಬಾಡಿಗೆ ತೆರಬಹುದೋ ಇಲ್ಲವೋ ಎಂಬುದನ್ನು ಮಾರುಕಟ್ಟೆಯ ದರದಿಂದಲ್ಲ, ಸಂಬಳದ ಚೀಟಿಯಿಂದ ಅಳೆಯಿರಿ. ಮುಂದೆ ಬರೆದಿರುವುದೆಲ್ಲ ಈ ಕೋರಿಕೆಗೆ ಕೊಡುತ್ತಿರುವ ಆಧಾರ.

ಮೊದಲು ಲೆಕ್ಕ. ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಹೊಸದಾಗಿ ಸೇರುವ ನರ್ಸಿಗೆ, ಅಂದರೆ ಸಂಬಳ ಶ್ರೇಣಿಗಳಲ್ಲಿ ಐದನೆಯ ಬ್ಯಾಂಡಿನ ಮೊದಲ ಮೆಟ್ಟಿಲಿನಲ್ಲಿರುವವರಿಗೆ, 2025–26ರ ಸಾಲಿನಲ್ಲಿ ವರ್ಷಕ್ಕೆ 31,049 ಪೌಂಡ್ ಸಂಬಳ. ಪಿಂಚಣಿಯ ವಂತಿಗೆ, ಆದಾಯ ತೆರಿಗೆ ಮತ್ತು ರಾಷ್ಟ್ರೀಯ ವಿಮೆ ಕಳೆದ ಮೇಲೆ ತಿಂಗಳಿಗೆ ಕೈಗೆ ಬರುವುದು ಎರಡು ಸಾವಿರ ಪೌಂಡಿಗೆ ತುಸು ಕಡಿಮೆ. ಇದೇ ನಗರದಲ್ಲಿ ಖಾಸಗಿ ಬಾಡಿಗೆಯ ಸರಾಸರಿ, ಎಲ್ಲ ಗಾತ್ರದ ಮನೆಗಳನ್ನು ಸೇರಿಸಿದರೆ, ತಿಂಗಳಿಗೆ 1,800 ಪೌಂಡಿನ ಆಸುಪಾಸಿನಲ್ಲಿದೆ. ಒಂದೇ ಮಲಗುವ ಕೋಣೆಯ ಸಣ್ಣ ಮನೆಗೂ 1,300ರ ಹತ್ತಿರ ಕೇಳುತ್ತಾರೆ. ಆದಾಯದ ಶೇ 30ರೊಳಗೆ ಬಾಡಿಗೆ ಇದ್ದರೆ ಅದು ಸಂಸಾರ ತಡೆದುಕೊಳ್ಳುವ ಮಟ್ಟ ಎಂದು ಈ ದೇಶದ ಅಂಕಿಅಂಶ ಕಚೇರಿಯೇ ಮಾನದಂಡ ಇಟ್ಟುಕೊಂಡಿದೆ. ಆ ನರ್ಸಿನ ಒಟ್ಟು ಸಂಬಳದಲ್ಲಿ, ಯಾವ ಕಡಿತವೂ ಇಲ್ಲದೆ, ಶೇ 30 ಎಂದರೆ ತಿಂಗಳಿಗೆ 776 ಪೌಂಡ್. ಆ ಹಣಕ್ಕೆ ಆಕ್ಸ್‌ಫರ್ಡಿನಲ್ಲಿ ಮನೆಯಂತೂ ಸಿಗುವುದಿಲ್ಲ. ಅಡುಗೆಮನೆ, ಬಚ್ಚಲು ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆ ಸಿಕ್ಕರೆ ಪುಣ್ಯ.

ಮನೆ ಕೊಳ್ಳುವ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಸರಾಸರಿ ಬೆಲೆ ನಾಲ್ಕೂವರೆ ಲಕ್ಷ ಪೌಂಡನ್ನು ದಾಟಿರುವ, ಇಂಗ್ಲೆಂಡಿನಲ್ಲಿ ಸಂಬಳಕ್ಕೂ ಮನೆಯ ಬೆಲೆಗೂ ಅಂತರ ಅತಿ ಹೆಚ್ಚಿರುವ ಊರುಗಳ ಪಟ್ಟಿಯಲ್ಲಿ ವರ್ಷವರ್ಷವೂ ಕಾಣಿಸಿಕೊಳ್ಳುವ ನಗರದಲ್ಲಿ, ಒಂಟಿ ಸಂಬಳದ ನೌಕರನಿಗೆ ಆ ಬಾಗಿಲು ಮುಚ್ಚಿ ಬಹಳ ಕಾಲವಾಯಿತು.

ಈ ದುಬಾರಿತನವನ್ನು ನೀವೇ ಒಪ್ಪಿಕೊಂಡಿದ್ದೀರಿ. ಬದುಕಿನ ಖರ್ಚಿನ ಲೆಕ್ಕದ ಮೇಲೆ ನಿಗದಿಯಾಗುವ ಲಂಡನ್ನಿನ ಜೀವನ ವೇತನದ ಶೇ 95ರಷ್ಟನ್ನು ಆಕ್ಸ್‌ಫರ್ಡ್ ಜೀವನ ವೇತನ ಎಂದು ನಗರ ಮಂಡಳಿ ನಿಗದಿ ಮಾಡಿರುವುದರ ಅರ್ಥ, ಇಲ್ಲಿ ಬದುಕುವ ಖರ್ಚು ಲಂಡನ್ನಿಗಿಂತ ಹೆಚ್ಚೇನೂ ಕಡಿಮೆಯಿಲ್ಲ ಎಂದೇ ಅಲ್ಲವೇ? ವಿಶ್ವವಿದ್ಯಾಲಯವೂ ಅದನ್ನು ಮನಗಂಡು 2023ರಿಂದ ತನ್ನ ನೌಕರರಿಗೆ ಆಕ್ಸ್‌ಫರ್ಡ್ ಭತ್ಯೆ ಕೊಡಲು ಆರಂಭಿಸಿತು. ಆದರೆ ಆರೋಗ್ಯ ಸೇವೆಯ ದುಬಾರಿ ಪ್ರದೇಶದ ಭತ್ಯೆ ಲಂಡನ್ ಮತ್ತು ಅದರ ಅಂಚಿಗೆ ನಿಂತುಬಿಟ್ಟಿದೆ. ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ನರ್ಸಿಗೂ ಇಂಗ್ಲೆಂಡಿನ ಉತ್ತರದಲ್ಲಿ ಇದರ ಅರ್ಧ ಬಾಡಿಗೆಯ ಊರಿನಲ್ಲಿರುವ ನರ್ಸಿಗೂ ಮೂಲ ಸಂಬಳ ಒಂದೇ.

ಇನ್ನು ಮನೆ ಹುಡುಕುವ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಮಿತಿಯ ಮುಂದೆ ಬರುವ ವರದಿಗಳಲ್ಲಿ ಸರಾಸರಿಗಳಿರುತ್ತವೆ, ಏಜೆಂಟರ ಮೇಜಿನ ಮುಂದೆ ನಡೆಯುವುದು ಇರುವುದಿಲ್ಲ. ಏಜೆಂಟರು ಸಾಮಾನ್ಯವಾಗಿ ಬಳಸುವ ಸೂತ್ರದಂತೆ ಬಾಡಿಗೆದಾರನ ವಾರ್ಷಿಕ ಸಂಬಳ ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರಬೇಕು. 1,300 ಪೌಂಡಿನ ಮನೆಗೆ 39,000 ಪೌಂಡ್ ಸಂಬಳ ಬೇಕೆಂದಾಯಿತು. ಮೇಲೆ ಹೇಳಿದ ನರ್ಸಿನ ಸಂಬಳ ಅದೇ ಸೂತ್ರದಲ್ಲಿ 1,035 ಪೌಂಡಿನವರೆಗೆ ಮಾತ್ರ ಹೋಗುತ್ತದೆ. ಹಾಗಾದರೆ ಜಾಮೀನುದಾರರನ್ನು ತನ್ನಿ ಎನ್ನುತ್ತಾರೆ. ಜಾಮೀನು ನಿಲ್ಲುವವರು ಬ್ರಿಟನ್ನಿನಲ್ಲೇ ಇರಬೇಕು, ಸ್ವಂತ ಮನೆ ಇರಬೇಕು ಅಥವಾ ಬಾಡಿಗೆಯ ಮೂವತ್ತಾರು ಪಟ್ಟು ಸಂಬಳ ಇರಬೇಕು. ಹಾಸನದಲ್ಲಿ ಕಾಫಿ ತೋಟವಿರುವ ಸೋದರಮಾವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಮಾನ ಇಳಿದು ವಾರವಾಗದವರಿಗೆ ಇಲ್ಲಿಯ ಬ್ಯಾಂಕಿನ ಸಾಲದ ಚರಿತ್ರೆ ಎಲ್ಲಿಂದ ಬರಬೇಕು? ಹೀಗಾಗಿ ಹೊಸಬರು ಹಿಂದೆಲ್ಲ ಮಾಡುತ್ತಿದ್ದದ್ದು ಒಂದೇ: ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿ ಕೊಡುವುದು. 1,300ರ ಮನೆಗೆ ಅದು 7,800 ಪೌಂಡ್. ನಮ್ಮ ರೂಪಾಯಿಯಲ್ಲಿ ಎಂಟೊಂಬತ್ತು ಲಕ್ಷ. ಊರಿನಲ್ಲಿ ಒಡವೆ ಅಡವಿಟ್ಟು ಅದನ್ನು ಹೊಂದಿಸಿದವರನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ನಮ್ಮವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದಿರಬಹುದು, ಆದರೆ ಅಡ್ವಾನ್ಸ್ ಎಂಬುದು ಮನೆ ಬಿಡುವಾಗ ವಾಪಸು ಬರಬೇಕಾದ ಹಣ, ಇದು ತಿಂಗಳು ತಿಂಗಳು ಕರಗುವ ಹಣ.

2025ರ ಅಕ್ಟೋಬರ್ 27ರಂದು ರಾಜನ ಅಂಕಿತ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಈ ಪದ್ಧತಿಗೆ ತಡೆ ಹಾಕಿದೆ. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ. ಜಾಹೀರಾತಿನಲ್ಲಿ ಹಾಕಿದ್ದಕ್ಕಿಂತ ಹೆಚ್ಚಿಗೆ ಕೊಡುತ್ತೇನೆಂದವರಿಂದ ಆ ಹೆಚ್ಚುವರಿಯನ್ನು ಒಪ್ಪಿಕೊಳ್ಳುವಂತಿಲ್ಲ. ವರ್ಷಕ್ಕೆ ಒಮ್ಮೆ ಮಾತ್ರ, ಎರಡು ತಿಂಗಳ ನೋಟಿಸ್ ಕೊಟ್ಟು ಬಾಡಿಗೆ ಏರಿಸಬಹುದು, ಅದು ಹೆಚ್ಚಾಯಿತೆನಿಸಿದರೆ ಬಾಡಿಗೆದಾರ ನ್ಯಾಯಮಂಡಳಿಗೆ ಹೋಗಬಹುದು. 1988ರ ವಸತಿ ಕಾಯ್ದೆಯಿಂದ ಬಂದಿದ್ದ, ಕಾರಣವನ್ನೇ ಹೇಳದೆ ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿಸುವ 21ನೆಯ ಸೆಕ್ಷನ್ನಿನ ನೋಟಿಸೂ ಇದರೊಂದಿಗೆ ಕೊನೆಗೊಳ್ಳುತ್ತದೆ. ಒಟ್ಟಾರೆ ಒಳ್ಳೆಯ ಕಾಯ್ದೆ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹೊಸಬರ ಮಟ್ಟಿಗೆ ಅದು ಒಂದು ಬಾಗಿಲನ್ನು ಮುಚ್ಚಿದೆ, ಅದರ ಬದಲಿಗೆ ಇನ್ನೊಂದನ್ನು ತೆರೆದಿಲ್ಲ. ಮುಂಗಡ ಕೊಟ್ಟಾದರೂ ಮನೆ ಹಿಡಿಯುತ್ತಿದ್ದವರು ಈಗ ಜಾಮೀನುದಾರರಿಲ್ಲವೆಂಬ ಒಂದೇ ಕಾರಣಕ್ಕೆ ಸಾಲಿನ ಕೊನೆಗೆ ಹೋಗುತ್ತಾರೆ. ಖಾಸಗಿ ಜಾಮೀನು ಕಂಪನಿಗಳು ಶುಲ್ಕ ತೆಗೆದುಕೊಂಡು ಆ ಜಾಗವನ್ನು ತುಂಬುತ್ತಿವೆ. ಇದಕ್ಕೆ ಜೊತೆಯಾಗಿ ವಲಸಿಗರ ವಾಸದ ಹಕ್ಕಿನ ತಪಾಸಣೆ ಇದೆ. 2016ರಿಂದ ಇಂಗ್ಲೆಂಡಿನಾದ್ಯಂತ ಮನೆ ಮಾಲೀಕರೇ ಅದನ್ನು ಮಾಡಬೇಕು, ತಪ್ಪಿದರೆ ಮೊದಲ ಸಲಕ್ಕೇ ಒಬ್ಬ ವಾಸಿಗೆ 10,000 ಪೌಂಡಿನವರೆಗೆ ದಂಡ. ಹತ್ತು ಅರ್ಜಿಗಳು ಮುಂದಿರುವ ಮಾಲೀಕ ಗೊಡವೆಯೇ ಬೇಡವೆಂದು ಬ್ರಿಟಿಷ್ ಪಾಸ್‌ಪೋರ್ಟ್ ಇರುವವರನ್ನು ಆರಿಸಿಕೊಂಡರೆ, ಅದು ತಾರತಮ್ಯವೆಂದು ಸಾಬೀತು ಮಾಡುವವರು ಯಾರು?

ಇವರೆಲ್ಲ ಕೊನೆಗೆ ಬಂದು ಸೇರುವುದು ಹಂಚಿಕೆಯ ಮನೆಗಳಿಗೆ. ಕೌಲಿ ರಸ್ತೆಯ ಆಚೀಚಿನ ಓಣಿಗಳಲ್ಲಿ, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತ ಇಟ್ಟಿಗೆಯ ಮನೆಗಳಲ್ಲಿ, ಒಂದಾನೊಂದು ಕಾಲಕ್ಕೆ ಕುಟುಂಬವೊಂದರ ಬೈಠಕ್ಕಾಗಿದ್ದ ಮುಂಗೋಣೆ ಈಗ ಒಬ್ಬರ ಮಲಗುವ ಕೋಣೆ. ಗ್ಯಾಸ್ ಮೀಟರು ಅದೇ ಕೋಣೆಯ ಮೂಲೆಯ ಕಪಾಟಿನಲ್ಲಿರುತ್ತದೆ, ರೀಡಿಂಗಿಗೆ ಬಂದವರು ಮಂಚ ದಾಟಿಕೊಂಡು ಹೋಗುತ್ತಾರೆ. ಹಿಂದಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಒಂದೊಂದು ಅಂತಸ್ತಿಗೂ ಒಂದೊಂದು ಹೆಸರಿನ ಚೀಟಿ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಬೆಳಗ್ಗೆ ಎಂಟಕ್ಕೆ ಮಲಗಬೇಕು, ಅದೇ ಹೊತ್ತಿಗೆ ಪಕ್ಕದ ಕೋಣೆಯವರು ತಲೆಗೂದಲು ಒಣಗಿಸಿಕೊಳ್ಳಬೇಕು. ಒಗ್ಗರಣೆಯ ಘಾಟಿಗೆ ಹೊಗೆಯ ಅಲಾರಂ ಕಿರುಚಿದರೆ ಇಡೀ ಮನೆ ಎದ್ದು ಕೂರುತ್ತದೆ, ಆಮೇಲೆ ವಾರಗಟ್ಟಲೆ ಬ್ರೆಡ್ಡು. ಇಬ್ಬರ ಹೆಸರಿನಲ್ಲಿ ಕೋಣೆ ಹಿಡಿದ ಗಂಡಹೆಂಡಿರು ಮಗುವಾದ ಮೇಲೆ ಎಲ್ಲಿಗೆ ಹೋಗುತ್ತಾರೆಂದು ನನ್ನನ್ನು ಕೇಳಿ; ಬಹುಪಾಲು ಬಿಸೆಸ್ಟರ್‌ಗೋ ಡಿಡ್‌ಕಾಟ್‌ಗೋ ಹೋಗುತ್ತಾರೆ, ಒಂದಿಷ್ಟು ಜನ ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬರುತ್ತಾರೆ.

ಇಲ್ಲಿ ನಿಮಗೆ ಸಲ್ಲಬೇಕಾದ ಶ್ರೇಯವನ್ನು ಸಲ್ಲಿಸುತ್ತೇನೆ. ಹಂಚಿಕೆಯ ಮನೆ ಎಷ್ಟು ಸಣ್ಣದಾದರೂ ಪರವಾನಗಿ ಕಡ್ಡಾಯ ಎಂಬ ನಿಯಮವನ್ನು 2011ರಷ್ಟು ಹಿಂದೆಯೇ ತಂದವರು ನೀವು. ಮನೆಯನ್ನು ಹಾಗೆ ಬದಲಾಯಿಸಲು 2012ರಿಂದ ಪ್ಲಾನಿಂಗ್ ಅನುಮತಿಯೂ ಬೇಕು. 2022ರ ಸೆಪ್ಟೆಂಬರಿನಿಂದ ನಗರದ ಬಹುತೇಕ ಎಲ್ಲ ಖಾಸಗಿ ಬಾಡಿಗೆ ಮನೆಗಳನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿರಿ. ಒಬ್ಬ ವಯಸ್ಕ ಮಲಗುವ ಕೋಣೆ 6.51 ಚದರ ಮೀಟರಿಗಿಂತ ಕಡಿಮೆ ಇರಬಾರದೆಂಬ ರಾಷ್ಟ್ರೀಯ ನಿಯಮ ಇಲ್ಲಿ ಕಾಗದದ ಮೇಲಷ್ಟೇ ಉಳಿದಿಲ್ಲ. ಸಂತೋಷ. ಆದರೆ ಪರವಾನಗಿ ಕೋಣೆಯ ಅಳತೆಯನ್ನು ನೋಡಬಲ್ಲದು, ಅದರ ಬಾಡಿಗೆಯನ್ನಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆಗೆ ಮಿತಿ ಹಾಕುವ ಅಧಿಕಾರ ಸ್ಥಳೀಯ ಮಂಡಳಿಗಳಿಗಿಲ್ಲ ಎಂಬುದು ನನಗೆ ಗೊತ್ತು, ಆದ್ದರಿಂದ ಅದನ್ನು ನಿಮ್ಮಿಂದ ಕೇಳುತ್ತಿಲ್ಲ.

ಬಾಡಿಗೆ ಇಷ್ಟೇಕೆ ಏರಿತು ಎಂಬುದಕ್ಕೆ ಉತ್ತರ ದೊಡ್ಡ ರಹಸ್ಯವೇನಲ್ಲ. 2021ರ ಜನಗಣತಿಯಂತೆ ಒಂದು ಲಕ್ಷ ಅರವತ್ತೆರಡು ಸಾವಿರ ಜನರಿರುವ ನಗರ ಸುಮಾರು 46 ಚದರ ಕಿಲೋಮೀಟರಿನಲ್ಲಿ ಸಿಕ್ಕಿಕೊಂಡಿದೆ. ಎರಡು ನದಿಗಳ ಪ್ರವಾಹದ ಬಯಲುಗಳು ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತವೆ. ಹೊರಗೆ ಹೋಗೋಣವೆಂದರೆ 1975ರಲ್ಲಿ ಅನುಮೋದನೆ ಪಡೆದ ಹಸಿರು ಪಟ್ಟಿ, ಅಂದರೆ ಸಾಮಾನ್ಯವಾಗಿ ಕಟ್ಟಡಕ್ಕೆ ಬಿಡದ ಬಯಲು ನೆಲದ ವಲಯ, ನಗರದ ಸುತ್ತ ಬಿಗಿದುಕೊಂಡಿದೆ, ಅದರ ಬಹುಭಾಗ ಇರುವುದು ನೆರೆಯ ಜಿಲ್ಲೆಗಳಲ್ಲಿ. ಮನೆ ಬೇಕಿರುವುದು ನಗರಕ್ಕೆ, ನೆಲ ಇರುವುದು ಜಿಲ್ಲೆಗಳಿಗೆ, ಮತ ಹಾಕುವವರು ಬೇರೆಬೇರೆ. ಈ ಗೋಡೆಯ ಆಟ ಆಕ್ಸ್‌ಫರ್ಡಿಗೆ ಹೊಸದೂ ಅಲ್ಲ. 1934ರಲ್ಲಿ ಉತ್ತರದ ಕಟ್ಸ್‌ಲೋ ಬಡಾವಣೆಯಲ್ಲಿ ಖಾಸಗಿ ಮನೆಗಳ ಕಂಪನಿಯೊಂದು ಕೌನ್ಸಿಲ್ ಮನೆಗಳ, ಅಂದರೆ ಮಂಡಳಿ ಬಾಡಿಗೆಗೆ ಕೊಟ್ಟ ಮನೆಗಳ, ಬಡವರು ತಮ್ಮ ಬೀದಿಗೆ ಕಾಲಿಡಬಾರದೆಂದು ರಸ್ತೆಗೆ ಅಡ್ಡಲಾಗಿ ಎರಡು ಮೀಟರಿಗೂ ಎತ್ತರದ, ಮೇಲೆ ಮೊಳೆಗಳಿದ್ದ ಗೋಡೆಗಳನ್ನು ಕಟ್ಟಿಸಿತು. ಅವುಗಳನ್ನು ಕೆಡವಲು ಮಂಡಳಿ 1959ರವರೆಗೆ ಕಾಯಬೇಕಾಯಿತು, ಕೊನೆಗೆ ಆ ನೆಲವನ್ನೇ ಕೊಳ್ಳಬೇಕಾಯಿತು. ಇಂದಿನ ಗೋಡೆಗೆ ಇಟ್ಟಿಗೆಯಿಲ್ಲ, ನಕ್ಷೆಯ ಗೆರೆಯಷ್ಟೇ ಇದೆ. ಆದರೂ ಕಡಿಮೆ ಸಂಬಳದವರು ಅದರ ಆಚೆಗೆ ಉಳಿಯುತ್ತಾರೆ, ದಿನಾ ಎ-34 ರಸ್ತೆಯ ಸಾಲಿನಲ್ಲಿ ನಿಂತು ಒಳಗೆ ಬರುತ್ತಾರೆ.

ನೆರೆಯ ಮಂಡಳಿಗಳ ಸದಸ್ಯರನ್ನೂ ಇಲ್ಲಿ ಉದ್ದೇಶಿಸಿ ಹೇಳಬೇಕು. ನಗರದಲ್ಲಿ ಹಿಡಿಸದ ಮನೆಗಳ ಪೈಕಿ 4,400ನ್ನು ತನ್ನ ನೆಲದಲ್ಲಿ, ಕಿಡ್ಲಿಂಗ್ಟನ್, ಬೆಗ್‌ಬ್ರೋಕ್, ಯಾರ್ನ್‌ಟನ್ ಸುತ್ತ ಕಟ್ಟಿಸುವುದಾಗಿ ಚರ್ವೆಲ್ 2020ರಲ್ಲಿ ಒಪ್ಪಿತು. ಅದೇ ವರ್ಷದ ಕೊನೆಗೆ ಸೌತ್ ಆಕ್ಸ್‌ಫರ್ಡ್‌ಶೈರ್ ತನ್ನ ಯೋಜನೆಯಲ್ಲಿ, ಅಂದರೆ ಯಾವ ನೆಲದಲ್ಲಿ ಏನು ಕಟ್ಟಬಹುದೆಂದು ಮಂಡಳಿ ನಿರ್ಧರಿಸುವ ದಾಖಲೆಯಲ್ಲಿ, ಬ್ಲ್ಯಾಕ್‌ಬರ್ಡ್ ಲೀಸ್‌ಗೆ ತಾಗಿಕೊಂಡ ಗ್ರೆನೋಬಲ್ ರಸ್ತೆಯ ಜಾಗವೂ ಸೇರಿದಂತೆ ನಗರದ ಅಂಚಿನಲ್ಲಿ ಸಾವಿರಾರು ಮನೆಗಳಿಗೆ ಸ್ಥಳ ಗುರುತಿಸಿತು. ಯೋಜನೆಗೆ ಸಹಿ ಬಿದ್ದ ವರ್ಷ ಕೆಲಸಕ್ಕೆ ಸೇರಿದ ನರ್ಸ್ ಬ್ಯಾಂಡಿನ ಮೆಟ್ಟಿಲುಗಳನ್ನು ಹತ್ತಿಯಾಯಿತು, ಗ್ರೆನೋಬಲ್ ರಸ್ತೆಯ ಹೊಲ ಹಾಗೆಯೇ ಇದೆ. ಈ ನಡುವೆ ಥೇಮ್ಸ್ ವಾಟರ್ ಕಂಪನಿಯ ಕೊಳಚೆ ನೀರಿನ ಶುದ್ಧೀಕರಣ ಘಟಕಕ್ಕೆ ಇನ್ನಷ್ಟು ಮನೆಗಳ ಹೊರೆ ತಾಳುವ ಶಕ್ತಿಯಿಲ್ಲವೆಂದು ಪರಿಸರ ಸಂಸ್ಥೆ ಆಕ್ಷೇಪಿಸಿದ್ದರಿಂದ ನಗರದ ಸುತ್ತಮುತ್ತಲಿನ ವಸತಿ ಯೋಜನೆಗಳು ಮುಗ್ಗರಿಸಿ ನಿಂತವು. ಜನರಿಗೆ ಮನೆ ಯಾಕೆ ಸಿಗುತ್ತಿಲ್ಲವೆಂದು ಕೇಳಿದರೆ ಚರಂಡಿ ಸಾಲದು ಎಂಬ ಉತ್ತರ ಬರುವುದು ಜಗತ್ತಿನಾದ್ಯಂತ ಹೆಸರಾದ ಊರಿಗೆ ಶೋಭೆಯಲ್ಲ.

ಆಮೇಲೆ ಪರಸ್ಪರ ಸಹಕಾರದ ವಿಷಯ. 2024ರಲ್ಲಿ ನಗರ ಮಂಡಳಿಯ 2040ರ ಯೋಜನೆಯನ್ನು ಪರಿಶೀಲಿಸಿದ ಸರ್ಕಾರದ ಪರಿಶೀಲಕರು, ಮನೆಗಳ ಅಗತ್ಯದ ಸಂಖ್ಯೆಯನ್ನು ನಿರ್ಧರಿಸುವಾಗ ನೆರೆಯವರೊಂದಿಗೆ ಸಹಕರಿಸುವ ಕರ್ತವ್ಯವನ್ನು ಪಾಲಿಸಿಲ್ಲವೆಂದು ಅದನ್ನು ಹಿಂದಕ್ಕೆ ಕಳುಹಿಸಿದರು. ಮರುವರ್ಷ ಸೌತ್ ಆಕ್ಸ್‌ಫರ್ಡ್‌ಶೈರ್ ಮತ್ತು ವೇಲ್ ಆಫ್ ವೈಟ್ ಹಾರ್ಸ್‌ನ ಜಂಟಿ ಯೋಜನೆಗೂ ಪರಿಶೀಲಕರಿಂದ ಅದೇ ಆಕ್ಷೇಪ ಬಂತು. ಎರಡೂ ಕಡೆಯವರು ಒಂದೇ ಪರೀಕ್ಷೆಯಲ್ಲಿ, ಒಂದೇ ಪ್ರಶ್ನೆಗೆ ಉತ್ತರಿಸಲಾಗದೆ ಎಡವಿದ್ದೀರಿ. ಈಗ ಕೌಂಟಿಯ ಆಡಳಿತವನ್ನೇ ಹೊಸದಾಗಿ ಕಟ್ಟುವ ಚರ್ಚೆಯಲ್ಲಿ ಒಬ್ಬರು ಒಂದೇ ಮಂಡಳಿ ಸಾಕೆನ್ನುತ್ತಾರೆ, ಇನ್ನೊಬ್ಬರು ಎರಡೆನ್ನುತ್ತಾರೆ, ನಗರ ಮಂಡಳಿ ಮೂರು ಬೇಕೆಂದು, ಅದರಲ್ಲೊಂದು ಹಸಿರು ಪಟ್ಟಿಯನ್ನೂ ಒಳಗೊಂಡ ಗ್ರೇಟರ್ ಆಕ್ಸ್‌ಫರ್ಡ್ ಆಗಲೆಂದು ವಾದಿಸಿದೆ. ಬಾಡಿಗೆದಾರನ ದೃಷ್ಟಿಯಿಂದ ನನಗೆ ನಗರ ಮಂಡಳಿಯ ವಾದವೇ ಸರಿಯೆನಿಸುತ್ತದೆ: ಮನೆಯ ಅಗತ್ಯವೂ ನೆಲವೂ ಒಂದೇ ಮೇಜಿನ ಮೇಲೆ ಇರಲಿ. ಆದರೆ ಯಾವ ಗಡಿ ಬಂದರೂ, ಈಗಾಗಲೇ ಒಪ್ಪಿ ಗುರುತಿಸಿದ ಜಾಗಗಳ ಕೆಲಸವನ್ನು ಆ ನೆಪದಲ್ಲಿ ಮುಂದೂಡಬೇಡಿ.

ಮನೆಗಳು ಹೀಗೆ ತೆವಳುತ್ತಿರುವಾಗ ಪ್ರಯೋಗಾಲಯಗಳು ಮಾತ್ರ ಓಡುತ್ತಿವೆ. ಮ್ಯಾಗ್ಡಲೆನ್ ಬೀದಿಯಲ್ಲಿ ಡೆಬೆನಮ್ಸ್ ಮಳಿಗೆಯಿದ್ದ ಕಟ್ಟಡ ಪ್ರಯೋಗಾಲಯವಾಗಲು ಅನುಮತಿ ಪಡೆದಿದೆ. ಬಾಟ್ಲಿ ರಸ್ತೆಯಲ್ಲಿ ಸೋಫಾ, ಕಾರ್ಪೆಟ್ ಮಾರುತ್ತಿದ್ದ ಅಂಗಡಿಗಳ ಜಾಗಗಳು ಒಂದೊಂದಾಗಿ ಜೀವವಿಜ್ಞಾನದ ಕಟ್ಟಡಗಳಾಗುತ್ತಿವೆ. ಲಿಟಲ್‌ಮೋರ್ ಬಳಿಯ ಸೈನ್ಸ್ ಪಾರ್ಕಿನಲ್ಲಿ ಎಲಿಸನ್ ಎಂಬ ಸಂಶೋಧನಾ ಸಂಸ್ಥೆಯ ಬೃಹತ್ ಆವರಣ ಎದ್ದು ನಿಲ್ಲುತ್ತಿದೆ; ಅದೇ ಕಡೆಗೆ ಕೌಲಿಯ ರೈಲು ಮಾರ್ಗವನ್ನು ಪ್ರಯಾಣಿಕರಿಗೆ ಮತ್ತೆ ತೆರೆಯಲು ಸರ್ಕಾರ ಹಣವನ್ನೂ ಘೋಷಿಸಿತು. ನಾನು ವಿಜ್ಞಾನದ ವಿರೋಧಿಯಲ್ಲ. ಕೋವಿಡ್ ಲಸಿಕೆಯೊಂದನ್ನು ಕೊಟ್ಟ ನಗರದಲ್ಲಿ ಹಾಗಿರುವುದು ಅಸಾಧ್ಯ. ಆದರೆ ಪ್ರಯೋಗಾಲಯ ಎಂದರೆ ಹೆಚ್ಚು ಸಂಬಳದ ವಿಜ್ಞಾನಿಗಳು ಮಾತ್ರವಲ್ಲ. ಗಾಜು ತೊಳೆಯುವವರು, ಪ್ರಾಣಿಗಳಿಗೆ ಮೇವು ಹಾಕುವವರು, ಕಾವಲಿನವರು, ಕ್ಯಾಂಟೀನಿನವರು, ಈಗಷ್ಟೇ ಪಿಎಚ್‌.ಡಿ. ಮುಗಿಸಿ ಎರಡು ವರ್ಷದ ಗುತ್ತಿಗೆಯಲ್ಲಿರುವ ಸಂಶೋಧಕರು, ಎಲ್ಲರೂ ಬರುತ್ತಾರೆ. ಹೆಚ್ಚು ಸಂಬಳದವರು ಊರಿನಲ್ಲಿ ಈಗಾಗಲೇ ಇರುವ ಮನೆಗಳ ಬಾಡಿಗೆಯನ್ನು ಏರಿಸುತ್ತಾರೆ, ಉಳಿದವರು ಆ ಏರಿಕೆಯನ್ನು ಅನುಭವಿಸುತ್ತಾರೆ. ಉದ್ಯೋಗ ತರುವವರಿಂದ ವಸತಿಗೆ ಪಾಲು ಕೇಳುವುದು ನಾನು ಹೊಸದಾಗಿ ಹೊಸೆದ ವಿಚಾರವೂ ಅಲ್ಲ. 2011ರ ನಿಮ್ಮದೇ ಮೂಲ ಯೋಜನೆಯಲ್ಲಿ ವಾಣಿಜ್ಯ ಕಟ್ಟಡಗಳಿಂದ ಅಂಥ ಪಾಲು ಕೇಳುವ ನಿಯಮವಿತ್ತು. ಈಗ ತಯಾರಾಗುತ್ತಿರುವ ಯೋಜನೆಯಲ್ಲಿ ಅದು ಸಡಿಲವಾಗದಂತೆ, ಹಣ ಕೊಟ್ಟು ಕೈತೊಳೆದುಕೊಳ್ಳುವಂತೆಯೂ ಇರದಂತೆ ಬರೆಯಿರಿ.

ಈಗ ನನ್ನ ಕೋರಿಕೆಯ ಎರಡನೆಯ ಅರ್ಧಕ್ಕೆ, ಅಂದರೆ ಅಳತೆಗೋಲಿಗೆ ಬರುತ್ತೇನೆ. 2011ರಿಂದ ಇಂಗ್ಲೆಂಡಿನಲ್ಲಿ ಕೈಗೆಟುಕುವ ಬಾಡಿಗೆ ಎಂದು ಸರ್ಕಾರ ಗುರುತಿಸುವ ವರ್ಗದಲ್ಲಿ ಬಾಡಿಗೆ ಮಾರುಕಟ್ಟೆ ದರದ ಶೇ 80ರವರೆಗೆ ಇರಬಹುದು. 1,300ರಲ್ಲಿ ಶೇ 80 ಎಂದರೆ 1,040 ಪೌಂಡ್. ನಾವು ಲೆಕ್ಕ ಹಾಕಿದ ನರ್ಸ್ ಆ ಮನೆಗೂ ಏಜೆಂಟರ ಮೂವತ್ತು ಪಟ್ಟಿನ ಸೂತ್ರದಲ್ಲಿ ಐದು ಪೌಂಡಿನಿಂದ ಅನುತ್ತೀರ್ಣ. ಮಾರುಕಟ್ಟೆ ಏರಿದಂತೆಲ್ಲ ಈ ಮಟ್ಟವೂ ಏರುತ್ತದೆ, ಸಂಬಳ ಏರಲಿ ಬಿಡಲಿ. ಮಂಡಳಿ ಅಥವಾ ವಸತಿ ಸಂಘಗಳು ಕೊಡುವ ಮನೆಗಳ ಸಾಮಾಜಿಕ ಬಾಡಿಗೆಯ ಸೂತ್ರ ಹಾಗಲ್ಲ. ಅದರಲ್ಲಿ ಆ ಪ್ರದೇಶದ ಗಳಿಕೆಗೂ ಪಾಲಿದೆ, ಆದ್ದರಿಂದ ಅದು ಮಾರುಕಟ್ಟೆಯ ಬಾಡಿಗೆಗಿಂತ ಬಹಳ ಕೆಳಗಿರುತ್ತದೆ. 2020ರಲ್ಲಿ ನೀವು ಅಂಗೀಕರಿಸಿದ ಯೋಜನೆಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಮನೆಗಳ ಬಡಾವಣೆಗಳಲ್ಲಿ ಅರ್ಧದಷ್ಟು ಕೈಗೆಟುಕುವ ವರ್ಗದ್ದಿರಬೇಕು, ಒಟ್ಟಿನಲ್ಲಿ ಶೇ 40 ಸಾಮಾಜಿಕ ಬಾಡಿಗೆಯದ್ದೇ ಇರಬೇಕು ಎಂದಿದ್ದೀರಿ. ಬಾರ್ಟನ್ ಪಾರ್ಕಿನ 885 ಮನೆಗಳಲ್ಲಿ 354 ಸಾಮಾಜಿಕ ಬಾಡಿಗೆಗೆ ಎಂದು ಪಟ್ಟು ಹಿಡಿದು ನಿಂತದ್ದು ಕಣ್ಣಿಗೆ ಕಾಣುವ ಕೆಲಸ. ಲಾಭ ಸಾಲದೆಂದು ಬಿಲ್ಡರುಗಳು ಲೆಕ್ಕಪತ್ರ ತಂದು ಈ ಪ್ರಮಾಣವನ್ನು ಕೆಳಗಿಳಿಸಲು ಒತ್ತಾಯಿಸುವಾಗ ನಿಮ್ಮ ಪಟ್ಟು ಹಾಗೆಯೇ ಇರಲಿ ಎಂಬುದು ನನ್ನ ಕೇಳಿಕೆ.

ಕೌನ್ಸಿಲ್ ಮನೆಗಳ ಕೊರತೆಗೆ ನೀವೊಬ್ಬರೇ ಹೊಣೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 1980ರ ಕಾಯ್ದೆ ಬಾಡಿಗೆದಾರರಿಗೆ ಕೌನ್ಸಿಲ್ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟ ಮೇಲೆ ಇಂಗ್ಲೆಂಡಿನಲ್ಲಿ ಇಪ್ಪತ್ತು ಲಕ್ಷದ ಹತ್ತಿರ ಮನೆಗಳು ಹೀಗೆ ಕೈಬಿಟ್ಟವು. ಅವುಗಳ ಜಾಗಕ್ಕೆ ಹೊಸ ಮನೆ ಕಟ್ಟಲು ಮಂಡಳಿಗಳಿಗೆ ಬಹುಕಾಲ ಹಣವೂ ಇರಲಿಲ್ಲ, ಸಾಲ ಮಾಡುವ ಸ್ವಾತಂತ್ರ್ಯವೂ ಇರಲಿಲ್ಲ. ಸಾಲದ ಮಿತಿ ತೆಗೆದದ್ದು 2018ರಲ್ಲಿ, ರಿಯಾಯಿತಿಯನ್ನು ಗಣನೀಯವಾಗಿ ಇಳಿಸಿದ್ದು 2024ರ ನವೆಂಬರಿನಲ್ಲಿ. ಕಡಿಮೆ ಆದಾಯದವರಿಗೆ ಸಿಗುವ ವಸತಿ ಭತ್ಯೆಯ ಕಥೆಯೂ ಇಂಥದ್ದೇ. ಸ್ಥಳೀಯ ಬಾಡಿಗೆಗಳಲ್ಲಿ ಕೆಳಗಿನ ಶೇ 30ರ ಮಟ್ಟಕ್ಕೆ ಅದನ್ನು ಕಟ್ಟಿಹಾಕಿದ್ದಲ್ಲದೆ ವರ್ಷಗಟ್ಟಲೆ ಏರಿಸದೆ ಬಿಟ್ಟು, 2024ರ ಏಪ್ರಿಲಿನಲ್ಲಿ ಏರಿಸಿ, ಮರುವರ್ಷ ಮತ್ತೆ ಹಾಗೆಯೇ ನಿಲ್ಲಿಸಿದರು. ಇದು ವೆಸ್ಟ್‌ಮಿನ್‌ಸ್ಟರ್‌ಗೆ, ಅಂದರೆ ಕೇಂದ್ರ ಸರ್ಕಾರಕ್ಕೆ, ಹೇಳಬೇಕಾದ ಮಾತು. ಅಲ್ಲದೆ ಕೆಲಸದ ವೀಸಾದಲ್ಲಿರುವ ನಮ್ಮವರಿಗೆ ಆ ಭತ್ಯೆಯೂ ಇಲ್ಲ, ಕೌನ್ಸಿಲ್ ಮನೆಯ ಸಾಲಿನಲ್ಲಿ ನಿಲ್ಲುವ ಅರ್ಹತೆಯೂ ಇಲ್ಲ. ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂದು ವೀಸಾದ ಷರತ್ತಿನಲ್ಲೇ ಬರೆದಿರುತ್ತದೆ. ತೆರಿಗೆ ಮಾತ್ರ ಎಲ್ಲರಂತೆ ಕಟ್ಟುತ್ತಾರೆ. ಅದಕ್ಕಾಗಿಯೇ ಉದ್ಯೋಗದಾತರ ಮೂಲಕ ಬರುವ ಮನೆಗಳ ಮೇಲೆ ನಾನು ಇಷ್ಟು ಒತ್ತು ಕೊಡುತ್ತಿರುವುದು: ಇವರಿಗೆ ಬೇರೆ ದಾರಿಯಿಲ್ಲ.

ಆ ದಾರಿಯ ಬೀಜ ನಿಮ್ಮ 2020ರ ಯೋಜನೆಯಲ್ಲೇ ಇದೆ. ಆಸ್ಪತ್ರೆ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ತಮ್ಮ ಜಾಗದಲ್ಲಿ ತಮ್ಮ ನೌಕರರಿಗಾಗಿ ಕಡಿಮೆ ಬಾಡಿಗೆಯ ಮನೆ ಕಟ್ಟಬಹುದೆಂದು ಅದರಲ್ಲಿ ಅವಕಾಶ ಕೊಟ್ಟಿದ್ದೀರಿ. ಅವಕಾಶವೇನೋ ಸರಿ, ಅದನ್ನು ಬಳಸುವುದೂ ಬಿಡುವುದೂ ಅವರ ಇಷ್ಟ ಎಂದಿರುವವರೆಗೆ, ಬಾಡಿಗೆ ತರುವ ಪ್ರಯೋಗಾಲಯವನ್ನು ಬಿಟ್ಟು ಬಾಡಿಗೆ ತಗ್ಗಿಸುವ ಮನೆಯನ್ನು ಯಾವ ಭೂಮಾಲೀಕ ಕಟ್ಟುತ್ತಾನೆ? ವಿಶ್ವವಿದ್ಯಾಲಯ 2019ರಲ್ಲಿ ಲೀಗಲ್ ಆಂಡ್ ಜನರಲ್ ಕಂಪನಿಯೊಂದಿಗೆ 400 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡಾಗ ನೌಕರರ ಮನೆಗಳೂ ಅದರ ಉದ್ದೇಶವಾಗಿದ್ದವು. ಬೆಗ್‌ಬ್ರೋಕ್‌ನಲ್ಲಿ 1,800 ಮನೆಗಳ ಬಡಾವಣೆ ಬರಲಿದೆ. ಅಲ್ಲಿ ಪ್ರಯೋಗಾಲಯಗಳ ಬಾಗಿಲು ಮೊದಲು ತೆರೆದು ಮನೆಗಳು ಕೊನೆಯ ಹಂತಕ್ಕೆ ಜಾರದಂತೆ ನೋಡಿಕೊಳ್ಳುವುದು ಚರ್ವೆಲ್ ಮಂಡಳಿಯ ಕೈಯಲ್ಲಿದೆ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಹಸಿರು ಪಟ್ಟಿಯನ್ನು ಉಳಿಸಲೇಬೇಕೆನ್ನುವವರೊಂದಿಗೆ ನನಗೆ ಜಗಳವಿಲ್ಲ. ಪೋರ್ಟ್ ಮೆಡೋದ ಹುಲ್ಲುಗಾವಲಿನಲ್ಲಿ ಭಾನುವಾರ ಸಂಜೆ ನಡೆದವರಾರೂ ಅಲ್ಲಿ ಕಾಂಕ್ರೀಟು ಸುರಿಯಿರಿ ಎನ್ನುವುದಿಲ್ಲ. ಆದರೆ ವರ್ತುಲ ರಸ್ತೆಗೆ ಅಂಟಿಕೊಂಡ, ಸಾರ್ವಜನಿಕರಿಗೆ ಕಾಲುದಾರಿಯೂ ಇಲ್ಲದ ಹೊಲವೂ ಪೋರ್ಟ್ ಮೆಡೋವೂ ಒಂದೇ ಅಲ್ಲ. 2024ರ ಡಿಸೆಂಬರಿನ ರಾಷ್ಟ್ರೀಯ ಪ್ಲಾನಿಂಗ್ ನೀತಿ ಈ ಎರಡರ ನಡುವೆ ವ್ಯತ್ಯಾಸ ಮಾಡಿದೆ. ಹಾಗೆ ಕಟ್ಟಡಕ್ಕೆ ಬಿಟ್ಟುಕೊಡುವ ನೆಲದಲ್ಲಿ ಕಡಿಮೆ ಬಾಡಿಗೆಯ ಮನೆಗಳ ಪಾಲು ಬೇರೆಡೆಗಿಂತ ಹೆಚ್ಚಿರಬೇಕೆಂದೂ ವಿಧಿಸಿದೆ. ಇಷ್ಟೆಲ್ಲ ಷರತ್ತು ಹಾಕಿದರೆ ಹೂಡಿಕೆದಾರರು ಕೇಂಬ್ರಿಜ್‌ಗೆ ಹೋಗುತ್ತಾರೆಂಬ ಹೆದರಿಕೆ ಇನ್ನೊಂದು. ಅಲ್ಲಿಯ ಬಾಡಿಗೆ ಇಲ್ಲಿಗಿಂತ ಅಗ್ಗವೇನಲ್ಲ. ಕೆಲಸಕ್ಕೆ ಬಂದವರು ಒಂದೆರಡು ವರ್ಷಗಳಲ್ಲಿ ಮನೆ ಸಿಗದೆ ಊರು ಬಿಡುವುದರಿಂದ ಆಗುವ ನಷ್ಟ ಆ ಹೂಡಿಕೆದಾರರಿಗೂ ತಿಳಿದಿದೆ. ಮನೆ ಕೊಂಡು ನೆಲೆಯೂರಿದ ನಮ್ಮ ಕನ್ನಡಿಗರಲ್ಲೂ ಕೆಲವರು, ಬಾಡಿಗೆಗೆಂದೇ ಎರಡನೆಯ ಮನೆ ಕೊಂಡವರು, ಹೊಸ ಮನೆಗಳು ಬಂದರೆ ಬೆಲೆ ಇಳಿದೀತೆಂದು ಅಂಜುವುದನ್ನು ಕೇಳಿದ್ದೇನೆ. ಯುಗಾದಿಯ ಹೋಳಿಗೆ ಊಟದಲ್ಲಿ ಪಕ್ಕದಲ್ಲೇ ಕುಳಿತ ಹೊಸ ಹುಡುಗ ಯಾವ ಕೋಣೆಯಿಂದ ಎದ್ದು ಬಂದಿದ್ದಾನೆಂದು ಅವರು ಒಮ್ಮೆ ಕೇಳಿ ನೋಡಲಿ.

ಆದ್ದರಿಂದ, ಮಾನ್ಯ ಸದಸ್ಯರೇ, ಈಗ ಸಿದ್ಧವಾಗುತ್ತಿರುವ ಯೋಜನೆಯಲ್ಲಿ ನಿರ್ದಿಷ್ಟ ಮಿತಿಗಿಂತ ದೊಡ್ಡದಾದ ಪ್ರತಿ ಪ್ರಯೋಗಾಲಯ ಮತ್ತು ಕಚೇರಿ ಕಟ್ಟಡದ ಅರ್ಜಿಯೊಂದಿಗೆ, ಅಲ್ಲಿ ಎಷ್ಟು ಜನ, ಯಾವ ಯಾವ ಸಂಬಳದಲ್ಲಿ ಕೆಲಸ ಮಾಡಲಿದ್ದಾರೆ, ಅವರು ಎಲ್ಲಿ ವಾಸಿಸಲಿದ್ದಾರೆ ಎಂಬ ಲೆಕ್ಕವನ್ನು ಕಡ್ಡಾಯವಾಗಿ ಕೇಳಿ. ಆ ಲೆಕ್ಕದ ಮೇಲೆ ಮನೆಗಳ ಸಂಖ್ಯೆಯನ್ನು ನಿಗದಿ ಮಾಡಿ, ಆ ಮನೆಗಳ ಬಾಡಿಗೆ ನಗರದ ಕೆಳಗಿನ ಸಂಬಳದವರ ಒಟ್ಟು ಆದಾಯದ ಶೇ 30ನ್ನು ಮೀರದಂತೆ ಒಪ್ಪಂದದಲ್ಲಿ ಬರೆಸಿ, ಮನೆಗಳು ಸಿದ್ಧವಾಗುವವರೆಗೆ ಕಟ್ಟಡದ ಕೊನೆಯ ಹಂತ ತೆರೆಯದಂತೆ ತಡೆಯಿರಿ. ವಿದೇಶದಿಂದ ನೌಕರರನ್ನು ಕರೆಸಿಕೊಳ್ಳುವ ಆಸ್ಪತ್ರೆ, ವಿಶ್ವವಿದ್ಯಾಲಯ ಮತ್ತು ಕಂಪನಿಗಳನ್ನು ಒಂದೆಡೆ ಕೂರಿಸಿ, ಮೊದಲ ವರ್ಷ ತಮ್ಮ ನೌಕರರ ಬಾಡಿಗೆಗೆ ಅವರೇ ಜಾಮೀನು ನಿಲ್ಲುವ ವ್ಯವಸ್ಥೆಯೊಂದನ್ನು ಮಾಡಿ; ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವವರಿಗೆ ಠೇವಣಿಯ ನೆರವು ಕೊಡುವ ಪದ್ಧತಿ ಇಂಗ್ಲೆಂಡಿನ ಮಂಡಳಿಗಳಿಗೆ ಹೊಸದಲ್ಲ, ಇದು ಅದರ ಮುಂದಿನ ಹೆಜ್ಜೆ, ಅದೂ ಮಂಡಳಿಯ ಖಜಾನೆಗೆ ಹೆಚ್ಚಿನ ಹೊರೆಯಿಲ್ಲದ ಹೆಜ್ಜೆ. ಪ್ರಾಯೋಜಕತ್ವದ ಪತ್ರಕ್ಕೆ ಸಹಿ ಹಾಕಿ ನೌಕರನನ್ನು ಈ ದೇಶಕ್ಕೆ ಕರೆತಂದ ಸಂಸ್ಥೆಗೆ ಅವನ ಬಾಡಿಗೆಯ ಪತ್ರಕ್ಕೆ ಸಹಿ ಹಾಕಲು ಯಾವ ಅಡ್ಡಿಯೂ ಕಾಣುವುದಿಲ್ಲ.

ನಗರ ಮಂಡಳಿಯ ಯೋಜನಾ ಸಮಿತಿ ಈ ಎರಡು ಅಂಶಗಳ ಬಗ್ಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಸಾರ್ವಜನಿಕ ಸಭೆಯಲ್ಲಿ ಮಾತನಾಡಲು ಅವಕಾಶ ಕೊಟ್ಟರೆ, ರಾತ್ರಿ ಪಾಳಿಯಲ್ಲಿ ದುಡಿಯುವ ಕೆಲವರು ತಮ್ಮ ಸಂಬಳದ ಚೀಟಿ ಮತ್ತು ಬಾಡಿಗೆಯ ಕರಾರುಗಳೊಂದಿಗೆ ಬರಲು ಒಪ್ಪಿದ್ದಾರೆ. ಸಭೆಯನ್ನು ಮಧ್ಯಾಹ್ನ ಎರಡರ ನಂತರ ಇಟ್ಟರೆ ಅವರಿಗೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಪೂರ್ವ ಆಕ್ಸ್‌ಫರ್ಡಿನ ಒಬ್ಬ ಕನ್ನಡಿಗ ಬಾಡಿಗೆದಾರ